ವೀಸಾದ ಮೇಲಿನ ಕೆನ್ನೆ

ನನ್ನ ಗಂಡನ ಕೈಗೆ ಒಂದು ಚಟವಿದೆ. ಯಾರ ಮುಖವಾದರೂ ಸರಿ, ಕಂಪ್ಯೂಟರಿನ ಪರದೆಯ ಮೇಲೆ ಬಂತೆಂದರೆ ಆ ಕೈ ಸುಮ್ಮನಿರುವುದಿಲ್ಲ. ಮೊಡವೆ ಕಂಡರೆ ಅಳಿಸುತ್ತದೆ, ಕಣ್ಣಿನ ಕೆಳಗೆ ಕಪ್ಪು ಕಂಡರೆ ತಿಳಿ ಮಾಡುತ್ತದೆ, ಎರಡು ಗಲ್ಲವಿದ್ದರೆ ಒಂದನ್ನು ಮಾಯ ಮಾಡುತ್ತದೆ. ಗಿರಾಕಿಗಳು ಫೋಟೋ ಕೈಗೆತ್ತಿಕೊಂಡು, "ಅರೆ, ನಾನು ಇಷ್ಟು ಚೆನ್ನಾಗಿದ್ದೀನಾ?" ಎಂದು ಹಲ್ಲು ಕಿರಿಯುತ್ತಾರೆ. "ನೀವಲ್ಲ, ನಮ್ಮ ಯಜಮಾನರ ಕೈ ಚೆನ್ನಾಗಿದೆ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡು ರಸೀದಿ ಹರಿಯುತ್ತೇನೆ.

ನಮ್ಮದು ಫೋಟೋ ಸ್ಟುಡಿಯೋ. ಒಳಗೆ ಕ್ಯಾಮೆರಾ, ದೀಪ, ಬಿಳಿ ಪರದೆ ಎಲ್ಲವೂ ಅವರದು. ಹೊರಗಿನ ಕೌಂಟರು, ಕತ್ತರಿ, ಗಿರಾಕಿಗಳ ಜೊತೆ ಜಗಳ ನನ್ನದು. ಪಾಸ್‌ಪೋರ್ಟು ಮತ್ತು ವೀಸಾದ ಫೋಟೋಗಳಿಗೆ ಮಾತ್ರ ಟಚಪ್ ಮಾಡುವಂತಿಲ್ಲ. ಆ ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದವಳು ನಾನೇ. ಕಿವಿ ಕಾಣಬೇಕು, ಹಲ್ಲು ಕಾಣಬಾರದು, ಕನ್ನಡಕ ತೆಗೆಯಬೇಕು, ಮುಖ ಇದ್ದ ಹಾಗೇ ಇರಬೇಕು. ಯಾರಾದರೂ "ಈ ಮಚ್ಚೆ ಒಂದು ತೆಗೆದುಬಿಡಿ" ಎಂದು ಗೋಗರೆದರೆ, "ಏರ್‌ಪೋರ್ಟಲ್ಲಿ ನಿಲ್ಲಿಸ್ಕೊಂಡ್ರೆ ನಾವು ಬರ್ತೀವಾ ಬಿಡಿಸೋಕೆ?" ಎಂದು ಗದರಿಸುತ್ತಿದ್ದೆ. ಈ ವಿಷಯದಲ್ಲಿ ನಾನು ನಮ್ಮ ಬೀದಿಯ ಪೊಲೀಸು.

ನನ್ನ ಎಡಗಣ್ಣಿನ ಕೆಳಗಿನಿಂದ ಕೆನ್ನೆಯ ನಡುವಿನವರೆಗೆ ಒಂದು ಗೆರೆ ಇಳಿದಿದೆ. ಚಿಕ್ಕವಳಿದ್ದಾಗ ಓಡಿ ಬಂದು ಕಬ್ಬಿಣದ ಗೇಟಿನ ಮೇಲೆ ಬಿದ್ದಿದ್ದೆ. ಹೊಲಿಗೆ ಹಾಕಿದ ಡಾಕ್ಟರಿಗೆ ಏನು ಅವಸರವಿತ್ತೋ, ಗೋಣಿಚೀಲ ಹೊಲಿದ ಹಾಗೆ ಹೊಲಿದು ಕಳಿಸಿದ. ಹೊಸಬರು ಮಾತಾಡುವಾಗ ನನ್ನ ಕಣ್ಣು ನೋಡುವುದಿಲ್ಲ, ಆ ಗೆರೆಯನ್ನೇ ನೋಡುತ್ತಾರೆ. ನನಗೆ ಅದು ಅಭ್ಯಾಸವಾಗಿದೆ.

ನನಗೆ ಒಬ್ಬಳೇ ತಂಗಿ. ದೂರದ ದೇಶಕ್ಕೆ, ಅಲ್ಲಿನ ಒಂದು ದೊಡ್ಡ ಹೋಟೆಲಿನ ಲಾಂಡ್ರಿ ಕೆಲಸಕ್ಕೆಂದು ಹೋದವಳು ಅಲ್ಲೇ ಬೇರು ಬಿಟ್ಟಳು. ಹೋದ ವರ್ಷ ಅವಳಿಗೆ ರಕ್ತದ ಕಾಯಿಲೆ ಎಂದು ತಿಳಿಯಿತು. ಔಷಧದಿಂದ ಕಾಯಿಲೆ ಸದ್ಯಕ್ಕೆ ಮಲಗಿದೆ, ಅದು ಮತ್ತೆ ಏಳುವುದರೊಳಗೆ ಬೇರೆಯವರ ಅಸ್ಥಿಮಜ್ಜೆ ಹಾಕಬೇಕು ಎಂದರು ಅಲ್ಲಿನ ಡಾಕ್ಟರು. ಇಲ್ಲಿ ನನ್ನ ರಕ್ತ ತೆಗೆದು ಕಳಿಸಿದೆವು. ಹೊಂದಿತು. ಬೇರೆ ಯಾರದೂ ಹೊಂದಲಿಲ್ಲ. ನಾನು ಆ ಊರಿಗೆ ಕಾಲಿಡುವ ತನಕ ಅವರು ಆ ಚಿಕಿತ್ಸೆ ಶುರು ಮಾಡುವಂತಿರಲಿಲ್ಲ. ಅಂದರೆ ನಾನು ಹೋದರೆ ಅವಳಿಗೆ ಒಂದು ದಾರಿ ಇತ್ತು, ಹೋಗದಿದ್ದರೆ ಇರಲಿಲ್ಲ. ಇಷ್ಟು ಸರಳವಾದ ಮಾತು ಯಾರೊಬ್ಬರ ತಲೆಯ ಮೇಲೂ ಬೀಳಬಾರದು. ಅದು ಬಿದ್ದ ಮೇಲೆ ನಾನು ರಸ್ತೆ ದಾಟುವಾಗಲೂ ಹೆದರುತ್ತಿದ್ದೆ.

ಫೋನಿನಲ್ಲಿ ಅವಳ ಧ್ವನಿ ಯಾವಾಗಲೂ ಗೆಲುವಾಗಿರುತ್ತಿತ್ತು. "ವೀಡಿಯೋ ಹಾಕೇ, ಮುಖ ನೋಡ್ಬೇಕು" ಎಂದರೆ, "ಇಲ್ಲಿ ವಾರ್ಡಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅಕ್ಕ, ಬಂದಾಗ ನೋಡ್ತೀಯಲ್ಲ" ಎನ್ನುತ್ತಿದ್ದಳು.

ಪಾಸ್‌ಪೋರ್ಟ್ ಮಾಡಿಸಿದೆವು, ವೀಸಾಗೆ ಹಾಕಿದೆವು. ಪಾಸ್‌ಪೋರ್ಟ್ ಕಚೇರಿಯ ಕ್ಯಾಮೆರಾ ಆ ದಿನ ಕೆಟ್ಟಿದ್ದರಿಂದ ಎರಡಕ್ಕೂ ಒಂದೇ ಫೋಟೋ, ನಮ್ಮ ಸ್ಟುಡಿಯೋದಲ್ಲೇ ತೆಗೆದದ್ದು. ಅಂಗಡಿ ಇಟ್ಟುಕೊಂಡು ಬೇರೆ ಕಡೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆಯೇ? ಪ್ರಿಂಟು ಬಂದಾಗ ಅಂಚು ಕತ್ತರಿಸಿದವಳೂ ನಾನೇ. ಕಿವಿ ಕಾಣುತ್ತಿದೆ, ಹಲ್ಲು ಕಾಣುತ್ತಿಲ್ಲ, ಸರಿ ಎಂದುಕೊಂಡು ಲಕೋಟೆಗೆ ಹಾಕಿದೆ. ಅರ್ಜಿ ತುಂಬಿದ್ದು ವೀಸಾ ಏಜೆಂಟು. ನಾನು ಅವನೆದುರು ಕುರ್ಚಿಯಲ್ಲಿ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಬಂದಿದ್ದೆ.

ವೀಸಾ ಬಂದಿದೆ ಎಂದು ಏಜೆಂಟು ಫೋನು ಮಾಡಿದಾಗ ಅಂಗಡಿಯನ್ನು ತೆರೆದಿಟ್ಟೇ ಓಡಿದೆ. ಅವನು ಪಾಸ್‌ಪೋರ್ಟಿನ ಆ ಪುಟ ಬಿಡಿಸಿ ನನ್ನ ಕಡೆ ತಿರುಗಿಸಿದ. ಆಮೇಲೆ ಮತ್ತೆ ತನ್ನ ಕಡೆ ತಿರುಗಿಸಿಕೊಂಡ. ನನ್ನನ್ನು ನೋಡಿದ, ಪುಟ ನೋಡಿದ, ಮತ್ತೆ ನನ್ನನ್ನು ನೋಡಿದ.

"ಅಮ್ಮಾ, ಈ ಫೋಟೋದಲ್ಲಿ ನಿಮ್ಮ ಕೆನ್ನೆ ಮೇಲಿನ ಗುರುತು ಎಲ್ಲಿ?"

ವೀಸಾದ ಮೇಲಿದ್ದ ಹೆಂಗಸಿನ ಕೆನ್ನೆ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು. ಆ ಫೋಟೋವನ್ನು ನಾನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೆ! ಒಮ್ಮೆಯೂ ಕಂಡಿರಲಿಲ್ಲ. ಫೋಟೋದಲ್ಲಿ ನನಗೆ ಗೆರೆ ಇರುವುದಿಲ್ಲ ಎಂಬುದು ನನ್ನ ಕಣ್ಣಿಗೆ ಅಷ್ಟು ಒಗ್ಗಿಹೋಗಿತ್ತು.

"ತಿದ್ದಿಸೋಕೆ ಆಗಲ್ವಾ?" ಎಂದೆ.

"ಪಾಸ್‌ಪೋರ್ಟಿಂದ ಶುರು ಮಾಡ್ಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಅದೂ ಅಲ್ದೆ, ಫೋಟೋ ತಿದ್ದಿದ್ವಿ ಅಂತ ನಾವೇ ಹೋಗಿ ಹೇಳಿದ್ರೆ ಮೋಸ ಅಂತ ಬರ್ಕೋತಾರೆ. ಆಮೇಲೆ ವರ್ಷಗಟ್ಟಲೆ ಆ ದೇಶದ ಕಡೆ ತಲೆ ಹಾಕಿ ಮಲಗೋ ಹಾಗಿಲ್ಲ." ಅವನು ಹಣೆ ಒರೆಸಿಕೊಂಡ. "ಆ ದೇಶದವರು ಬೆರಳಚ್ಚೂ ತಗೊಳ್ಳಲ್ಲ ನೋಡಿ, ಎಲ್ಲ ಫೋಟೋ ಮೇಲೇ. ಹೋಗಿ, ಏನೂ ಆಗಲ್ಲ. ಆದ್ರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ತುಟಿ ಎರಡು ಮಾಡ್ಬೇಡಿ."

ಏನೂ ಆಗಲ್ಲ ಎಂದವನು ಹಣೆಯನ್ನೇಕೆ ಒರೆಸಿಕೊಂಡ? ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ಅಂಗಡಿಗೆ ಬಂದು ಪಾಸ್‌ಪೋರ್ಟನ್ನು ಗಂಡನ ಮುಂದೆ ಬಿಸಾಕಿದೆ. ಅವರು ತೆರೆದು ನೋಡಿದರು. ಮುಖದ ರಕ್ತ ಇಳಿದುಹೋಯಿತು.

"ಬೇರೆಯವರ ವೀಸಾ ಫೋಟೋ ಅಂದ್ರೆ ಎಚ್ಚರ ಇರುತ್ತೆ ಕಣೇ," ಎಂದರು. "ನಿನ್ನ ಮುಖ ಬಂತು. ಕೈ ತಾನಾಗೇ ಹೋಯ್ತು. ಅಳಿಸಿದ್ದೂ ನೆನಪಿಲ್ಲ ನನಗೆ."

"ಅಷ್ಟು ಅಸಹ್ಯನಾ ನಿಮಗೆ ಇದು?"

"ಥೂ, ಏನ್ ಮಾತು ಅಂತ ಆಡ್ತೀಯ. ಮದುವೆ ಆಲ್ಬಮ್ ಮಾಡುವಾಗ ನಿಮ್ಮಮ್ಮನೇ ಹೇಳಿದ್ರು, ಅದೊಂದು ಕಾಣದ ಹಾಗೆ ಮಾಡಪ್ಪ ಅಂತ. ಆವತ್ತಿಂದ ಮಾಡ್ತಾನೇ ಇದ್ದೀನಿ. ಬೇಡ ಅಂತ ನೀನೂ ಹೇಳ್ಲಿಲ್ಲ."

ಅದು ನಿಜ. ಹೇಳಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ನಮ್ಮ ಮದುವೆ ಫೋಟೋದ ಆ ನುಣುಪು ಕೆನ್ನೆಯವಳನ್ನು ಕಂಡರೆ ನನಗೂ ಆಸೆಯೇ. ಆದರೆ ಆಗ ನನಗೆ ನಿಜ ಬೇಕಿರಲಿಲ್ಲ, ಬೈಯಲು ಒಬ್ಬ ಮನುಷ್ಯ ಬೇಕಿತ್ತು. ಬಾಯಿಗೆ ಬಂದ ಹಾಗೆ ಬೈದೆ. ಅವರು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ ಮೆಲ್ಲಗೆ ಹೇಳಿದರು:

"ಫೋಟೋನ ಮುಖದ ಹಾಗೆ ಮಾಡೋಕೆ ಈಗ ಆಗಲ್ಲ. ಮುಖಾನ ಫೋಟೋದ ಹಾಗೆ ಮಾಡೋಣ."

ಮದುವೆ ಹೆಣ್ಣುಗಳಿಗೆ ಹಚ್ಚಲೆಂದು ಸ್ಟುಡಿಯೋದಲ್ಲಿ ಒಂದು ಮೇಕಪ್ ಪೆಟ್ಟಿಗೆ ಇತ್ತು. ಹೊರಡುವ ದಿನ ಅವರು ನನ್ನನ್ನು ದೀಪದ ಕೆಳಗೆ ಕೂರಿಸಿ, ಗೆರೆಯ ಮೇಲೆ ಮೊದಲು ಗಟ್ಟಿ ಪೇಸ್ಟು, ಅದರ ಮೇಲೆ ಕ್ರೀಮು, ಅದರ ಮೇಲೆ ಪೌಡರು ಒತ್ತಿದರು. ನಡುನಡುವೆ ಪಾಸ್‌ಪೋರ್ಟು ನೋಡುತ್ತಿದ್ದರು. ಒಂದು ಬಣ್ಣ ಹಚ್ಚಿ, ಒರೆಸಿ, ಇನ್ನೊಂದು ಹಚ್ಚುತ್ತಿದ್ದರು. ಮುಗಿದ ಮೇಲೆ ಕನ್ನಡಿ ಹಿಡಿದರು. ಗೋಡೆಯ ಮೇಲಿನವಳು ಕನ್ನಡಿಯೊಳಗೆ ಬಂದು ಕೂತಿದ್ದಳು.

"ನೀರು ಸೋಕಿಸ್ಬೇಡ. ಎಡಗಡೆ ಒರಗಿ ಮಲಗ್ಬೇಡ. ಅಳ್ಬೇಡ," ಎಂದರು.

"ನಗಬಹುದಾ?"

"ಜಾಸ್ತಿ ಬೇಡ," ಎಂದರು. ತಮಾಷೆಗೆ ಹೇಳಿರಲಿಲ್ಲ.

ಅಂಥ ಪ್ರಯಾಣ ಹಗೆಯವರಿಗೂ ಬೇಡ. ವಿಮಾನದಲ್ಲಿ ಎಲ್ಲರೂ ಬಾಯಿ ತೆರೆದುಕೊಂಡು ಮಲಗಿದ್ದರೆ ನಾನು ಕತ್ತು ಕಡ್ಡಿಯ ಹಾಗೆ ನೆಟ್ಟಗಿಟ್ಟುಕೊಂಡು ಕೂತಿದ್ದೆ. ಗಗನಸಖಿ ಬಿಸಿ ಟವೆಲು ತಂದು ಕೊಟ್ಟಾಗ ಹಾವು ಕಂಡವಳ ಹಾಗೆ ಹಿಂದೆ ಸರಿದೆ. ಅನ್ನ ಅಗಿಯಲೂ ಹೆದರಿಕೆ. ಕೆನ್ನೆ ಆಡಿದರೆ ಪೇಸ್ಟು ಬಿರುಕು ಬಿಟ್ಟೀತು. ಮತ್ತೆ ಮತ್ತೆ ಎದ್ದು ಟಾಯ್ಲೆಟ್ಟಿಗೆ ಹೋಗಿ ಕನ್ನಡಿ ನೋಡುತ್ತಿದ್ದೆ. ಪಕ್ಕದ ಸೀಟಿನವರು ನನಗೆ ಹೊಟ್ಟೆ ಕೆಟ್ಟಿದೆ ಎಂದುಕೊಂಡು ಮಾತ್ರೆ ಕೊಡಲು ಬಂದರು. ಬೇಡವೆಂದು ತಲೆಯಾಡಿಸಿದೆ, ಅದನ್ನೂ ನಿಧಾನವಾಗಿ.

ಇಳಿದ ಮೇಲೆ ಉದ್ದನೆಯ ಸಾಲು. ಸಾಲಿನ ತುದಿಯಲ್ಲಿ ಗಾಜಿನ ಗೂಡುಗಳು, ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಅಧಿಕಾರಿ. ಮುಂದಿನವರು ಒಂದೊಂದು ಹೆಜ್ಜೆ ಸರಿದಾಗಲೂ ನನ್ನ ಜೀವ ಬಾಯಿಗೆ ಬಂದು ಹೋಗುತ್ತಿತ್ತು. ನನ್ನ ಸರದಿ ಬಂದದ್ದು ಕನ್ನಡಕ ಹಾಕಿದ ಒಬ್ಬ ನಡುವಯಸ್ಸಿನವನ ಮುಂದೆ. ಏಜೆಂಟು ಅಲ್ಲಿನ ಭಾಷೆಯಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದ. ಯಾಕೆ ಬಂದಿರಿ? ತಂಗಿಯ ಚಿಕಿತ್ಸೆಗೆ. ಆಸ್ಪತ್ರೆಯ ಪತ್ರ? ಇಲ್ಲಿದೆ. ವಾಪಸು ಟಿಕೆಟ್ಟು? ಇದೆ. ಎಲ್ಲಿ ಇರುತ್ತೀರಿ? ವಿಳಾಸ ತೋರಿಸಿದೆ. ಅವನು ಪ್ರತಿಯೊಂದಕ್ಕೂ ತಲೆಯಾಡಿಸಿದ. ಫೋಟೋ ನೋಡಿದ, ನನ್ನ ಮುಖ ನೋಡಿದ, ಅದಕ್ಕೂ ತಲೆಯಾಡಿಸಿದ. ಗಂಡನಿಗೆ ಮನಸ್ಸಿನಲ್ಲೇ ಶಹಬ್ಬಾಸ್ ಹೇಳಿದೆ.

ಸೀಲು ಎತ್ತಿಕೊಂಡವನು ತನ್ನ ಪರದೆಯ ಮೇಲೆ ಏನನ್ನೋ ಓದಿ ಹಾಗೇ ನಿಂತ. ಆಮೇಲೆ ನನ್ನನ್ನು ನೋಡುತ್ತಾ ಒಂದು ಬೆರಳಿನಿಂದ ತನ್ನದೇ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ನಡುವಿನವರೆಗೆ, ಒಂದು ಗೆರೆ ಎಳೆದು ತೋರಿಸಿದ. ಕೈ ಬಿಚ್ಚಿ, ಎಲ್ಲಿ ಎಂಬಂತೆ ಸನ್ನೆ ಮಾಡಿದ.

ಆಗ ನನಗೆ ಅರ್ಥವಾಯಿತು. ಅರ್ಜಿಯಲ್ಲಿ ಗುರುತಿನ ಚಿಹ್ನೆ ಎಂದು ಒಂದು ಸಾಲು ಇರುತ್ತದೆ. ಎದುರಿಗೆ ಕೂತ ನನ್ನ ಮುಖ ನೋಡಿ ಏಜೆಂಟು ಅಲ್ಲಿ ಎಡಗೆನ್ನೆಯ ಮೇಲೆ ಗಾಯದ ಗೆರೆ ಎಂದು ತುಂಬಿರಬೇಕು, ತುಂಬಿ ಮರೆತಿರಬೇಕು. ನಾನು ನನ್ನ ಪಾಡಿಗೆ, ಇದ್ದ ಮುಖದಲ್ಲೇ ಬಂದಿದ್ದರೆ ಕಾಗದದ ಆ ಸಾಲಾದರೂ ನನ್ನ ಪರವಾಗಿ ನಿಲ್ಲುತ್ತಿತ್ತು. ಮೂವರು ಬುದ್ಧಿವಂತರು ಸೇರಿ ಅದನ್ನೂ ಮುಚ್ಚಿ ಹಾಕಿದ್ದೆವು.

ನನ್ನನ್ನು ಪಕ್ಕದ ಒಂದು ಕೋಣೆಗೆ ಕರೆದುಕೊಂಡು ಹೋದರು. ಕಿಟಕಿ ಇರಲಿಲ್ಲ. ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರು. ಕನ್ನಡಕದವನ ಜೊತೆ ಒಬ್ಬಳು ಮಹಿಳಾ ಅಧಿಕಾರಿ ಬಂದು ಕೂತಳು. ಮೇಜಿನ ಮೇಲಿನ ಫೋನಿನ ಗುಂಡಿ ಒತ್ತಿದಳು. ಅದರೊಳಗಿಂದ ನಮ್ಮ ಭಾಷೆ ಬಂತು.

"ನಮಸ್ಕಾರ ಅಮ್ಮ. ನಾನು ಭಾಷಾಂತರ ಮಾಡೋನು. ಅವರು ಹೇಳಿದ್ದು ನಿಮಗೆ ಹೇಳ್ತೀನಿ, ನೀವು ಹೇಳಿದ್ದು ಅವರಿಗೆ. ನನ್ನದು ಅಂತ ಏನೂ ಸೇರಿಸಲ್ಲ. ಕೆನ್ನೆ ಮೇಲಿನ ಗುರುತು ಎಲ್ಲಿ ಅಂತ ಕೇಳ್ತಿದ್ದಾರೆ."

ತುಟಿ ಎರಡು ಮಾಡಬೇಡ ಎಂದಿದ್ದನಲ್ಲ ಏಜೆಂಟು. "ವಾಸಿಯಾಯ್ತು," ಎಂದೆ.

"ಹಳೇ ಗಾಯದ ಗುರುತು ವಾಸಿ ಆಗುತ್ತಾ ಅಂತ ಕೇಳ್ತಿದ್ದಾರೆ ಅಮ್ಮ."

ಮಹಿಳಾ ಅಧಿಕಾರಿ ಏನೂ ಹೇಳದೆ ಒದ್ದೆ ಟಿಶ್ಯೂವಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ಒರೆಸಿಕೊಳ್ತೀರಾ ಅಂತ ಕೇಳ್ತಿದ್ದಾರೆ. ಬಲವಂತ ಇಲ್ಲವಂತೆ." ಬಲವಂತ ಇಲ್ಲದ ಕೋಣೆಯೇ ಅದು? ಒರೆಸಿಕೊಂಡೆ. ಟಿಶ್ಯೂವಿನ ಮೇಲೆ ನನ್ನ ಗಂಡನ ಕೈಕೆಲಸವೆಲ್ಲ ಕಂದು ಬಣ್ಣವಾಗಿ ಬಂತು. ಗೆರೆ ಕಂಡಿತು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸ್ಟುಡಿಯೋದ ಕಥೆ, ಟಚಪ್ಪಿನ ಕಥೆ, ಮೇಕಪ್ ಪೆಟ್ಟಿಗೆಯ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಫೋನಿನವನು ಒಂದೊಂದಾಗಿ ದಾಟಿಸಿದ.

"ನಿಮ್ಮ ಯಜಮಾನರು ಯಾಕೆ ಅಳಿಸಿದ್ರು ಅಂತ ಕೇಳ್ತಿದ್ದಾರೆ."

"ಅಭ್ಯಾಸ ಅಂತ ಹೇಳಿ."

"ಅಷ್ಟೇನಾ ಅಂತಿದ್ದಾರೆ."

"ಮತ್ತೇನ್ ಹೇಳ್ಲಪ್ಪ? ಪ್ರೀತಿ ಅಂತ ಹೇಳ್ಲಾ?"

ಆ ಪುಣ್ಯಾತ್ಮ ಅದನ್ನೂ ದಾಟಿಸಿಬಿಟ್ಟ. ಮಹಿಳಾ ಅಧಿಕಾರಿಯ ತುಟಿ ಒಂದಿಷ್ಟು ಸಡಿಲವಾಯಿತು. ಕನ್ನಡಕದವನದು ಆಗಲಿಲ್ಲ.

"ಈ ಗೆರೆ ಇರೋ ನಿಮ್ಮ ಹಳೇ ಫೋಟೋ ಯಾವುದಾದ್ರೂ ತೋರಿಸಿ ಅಂತಿದ್ದಾರೆ ಅಮ್ಮ. ಯಾವುದಾದ್ರೂ ಸರಿಯಂತೆ."

ಇದೊಂದು ಸುಲಭ ಎಂದುಕೊಂಡು ಮೊಬೈಲು ತೆಗೆದೆ. ಮನೆಯ ಫೋಟೋ, ಅಂಗಡಿ ಪೂರ್ತಿ ಹೊಸದು ಮಾಡಿಸಿದಾಗಿನದು, ಸಮುದ್ರದ ದಂಡೆಯದು, ನೆಂಟರ ಮದುವೆಯದು. ಬೆರಳು ಎಳೆದಷ್ಟೂ ಫೋಟೋಗಳು. ಒಂದರಲ್ಲೂ ಗೆರೆ ಇರಲಿಲ್ಲ. ನಮ್ಮ ಮನೆಯಲ್ಲಿ ಫೋಟೋ ಎಂದರೆ ಮೊದಲು ಅವರ ಕಂಪ್ಯೂಟರಿಗೆ ಹೋಗಿ ಆಮೇಲೆ ನನ್ನ ಮೊಬೈಲಿಗೆ ಬರುತ್ತಿತ್ತು. ಊರಿನ ಗುರುತಿನ ಚೀಟಿ ತೋರಿಸಿದೆ. ಅದರಲ್ಲಿ ನನಗೆ ಮುಖವೇ ಇಲ್ಲ, ಒಂದು ಕಪ್ಪು ಮಸಿ ಇದೆ. ನನ್ನ ಮದುವೆಯಿಂದ ಈಚೆಗೆ ಈ ಕೆನ್ನೆ ಭೂಮಿಯ ಮೇಲೆ ಇತ್ತು ಎನ್ನಲು ಒಂದೇ ಒಂದು ಸಾಕ್ಷಿಯೂ ಇರಲಿಲ್ಲ. ನಾನು ನಾನೇ ಎಂದು ಯಾರು ಹೇಳಬೇಕು?

ಕನ್ನಡಕದವನು ನಿಧಾನವಾಗಿ, ಬಹಳ ಹೊತ್ತು ಮಾತಾಡಿದ. ಫೋನಿನವನ ಧ್ವನಿ ಈಗ ತಗ್ಗಿತ್ತು.

"ಬೇರೆ ಯಾರೋ ದಾನಿಯ ಹೆಸರಲ್ಲಿ ಒಳಗೆ ಬರೋದು ಉಂಟಂತೆ ಅಮ್ಮ. ಫೋಟೋಗೂ ಮುಖಕ್ಕೂ ಹೊಂದ್ತಿಲ್ಲ, ಮೇಲಿಂದ ಮರೆಮಾಚಿದ್ದೀರಿ. ಸಮಾಧಾನ ಆಗದಿದ್ರೆ ಇವತ್ತಿನ ವಿಮಾನದಲ್ಲೇ ವಾಪಸ್ ಕಳಿಸ್ಬೇಕಾಗುತ್ತೆ ಅಂತಿದ್ದಾರೆ. ಆಮೇಲೆ ಬೇಗ ಮತ್ತೆ ಬರೋ ಹಾಗಿರಲ್ಲವಂತೆ."

ಮೇಜಿನ ಅಂಚು ಹಿಡಿದುಕೊಂಡೆ. "ನನ್ನ ವಾಪಸ್ ಕಳಿಸಿದ್ರೆ ಅವಳು ಸಾಯ್ತಾಳಪ್ಪ," ಎಂದೆ. "ಬೇಕಾದ್ರೆ ನನ್ನ ಕೂಡಿಹಾಕ್ಲಿ. ಆಸ್ಪತ್ರೆಗೆ ಕರ್ಕೊಂಡು ಹೋಗಿ, ಬೇಕಾದ್ದು ತಗೊಂಡು, ಆಮೇಲೆ ಜೈಲಿಗೆ ಹಾಕ್ಲಿ. ಅವಳನ್ನೇ ಕೇಳಿ. ಆಸ್ಪತ್ರೆಗೆ ಫೋನ್ ಮಾಡಿ ಅವಳನ್ನೇ ಕೇಳೋಕೆ ಹೇಳಿ!"

ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಮಹಿಳಾ ಅಧಿಕಾರಿ ಪತ್ರದಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಒಬ್ಬರಿಂದ ಇನ್ನೊಬ್ಬರಿಗೆ, ಅಲ್ಲಿಂದ ವಾರ್ಡಿಗೆ. ಆಮೇಲೆ ಮೇಜಿನ ಮೇಲಿನ ಪರದೆಯನ್ನು ನನಗೂ ಕಾಣುವಂತೆ ತಿರುಗಿಸಿದಳು. ಅದರ ನೆತ್ತಿಯ ಮೇಲೆ ಸಣ್ಣ ಕ್ಯಾಮೆರಾ ಇತ್ತು. ನಾನು ಸೆರಗಿನಿಂದ ಮುಖದಲ್ಲಿ ಉಳಿದಿದ್ದ ಬಣ್ಣವನ್ನೆಲ್ಲ ಉಜ್ಜಿಕೊಂಡೆ. ತಂಗಿಗೆ ನನ್ನ ಗೆರೆ ಚೆನ್ನಾಗಿ ಕಾಣಲಿ ಎಂದು ಕೆನ್ನೆಯನ್ನು ಮುಂದೆ ಮಾಡಿ ಕೂತೆ.

ಪರದೆಯ ಮೇಲೆ ಹಾಸಿಗೆ ಕಾಣಿಸಿತು. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತ ಯಾರೋ ಕಾಣಿಸಿದರು.

ಅಧಿಕಾರಿ ಅವರನ್ನು ಏನೋ ಕೇಳಿದಳು. ಅವರು ನನ್ನತ್ತ ನೋಡಿದ ಕೂಡಲೇ ಅಲ್ಲಿನ ಭಾಷೆಯಲ್ಲಿ, ಮೆಲ್ಲಗೆ, ಒಂದು ಮಾತು ಹೇಳಿದರು.

"ನನ್ನ ಅಕ್ಕ ಅಂತ ಹೇಳಿದ್ರು," ಎಂದ ಫೋನಿನವನು, ಗೆದ್ದವನ ಹಾಗೆ. "ಈಗ ನಿಮ್ಮನ್ನ ಕೇಳ್ತಿದ್ದಾರೆ ಅಮ್ಮ. ಇವರು ಯಾರು?"

ನಾನು ನೋಡಿದೆ. ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ. ಹುಬ್ಬಿರಲಿಲ್ಲ, ರೆಪ್ಪೆಯಲ್ಲೂ ಕೂದಲಿರಲಿಲ್ಲ. ಮುಖ ಊದಿ ಗುಂಡಗಾಗಿತ್ತು, ತುಟಿ ಒಡೆದಿತ್ತು, ಚರ್ಮ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗಂಡಸೋ ಹೆಂಗಸೋ, ವಯಸ್ಸೆಷ್ಟೋ ಹೇಳುವಂತಿರಲಿಲ್ಲ. ನನ್ನ ತಂಗಿಗೆ ಉದ್ದ ಮುಖ, ದಟ್ಟ ಹುಬ್ಬು. ತಪ್ಪು ಹಾಸಿಗೆಗೆ ಫೋನು ಹಿಡಿದಿದ್ದಾರೆ ಎಂದುಕೊಂಡೆ. ಹಾಗೆ ಹೇಳಲು ಬಾಯಿ ತೆರೆದೂ ಇದ್ದೆ. ಯಾರೋ ಏನೋ, ನನ್ನನ್ನು ನೋಡಿ ಅಕ್ಕ ಎನ್ನುತ್ತಿದ್ದಾರೆ, ಪಾಪ ಎನಿಸಿತು.

"ಅಮ್ಮ, ಕೇಳಿಸ್ತಾ? ಇವರು ಯಾರು ಅಂತ."

ನಾನು ಸುಮ್ಮನಿದ್ದೆ. ಕನ್ನಡಕದವನು ಪೆನ್ನು ಕೆಳಗಿಟ್ಟ. ಪರದೆಯ ಮೇಲಿನವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಮುಖದಲ್ಲಿ ಏನು ಬರೆದಿತ್ತೋ ಅದನ್ನು ಓದುತ್ತಿದ್ದಳು. ಆಮೇಲೆ ನಿಧಾನವಾಗಿ ಕೈ ಎತ್ತಿ, ಬೋಳು ತಲೆಯ ಮೇಲೆ ದುಪ್ಪಟಿಯ ಅಂಚು ಎಳೆದುಕೊಳ್ಳಲು ನೋಡಿದಳು. ನಾಚಿಕೊಂಡಿದ್ದಳು.

"ನಾನೇ ಕಣಕ್ಕ," ಎಂದಳು.

ಧ್ವನಿ ಮಾತ್ರ ಅವಳದೇ.

"ತಂಗಿ," ಎಂದೆ. "ನನ್ನ ತಂಗಿ. ನನ್ನ ತಂಗಿ ಅಂತ ಹೇಳಪ್ಪ ಅವರಿಗೆ." ನಾನು ಅತ್ತದ್ದನ್ನು ಅವನು ಭಾಷಾಂತರ ಮಾಡಬೇಕಾಗಲಿಲ್ಲ.

ಕನ್ನಡಕದವನು ನನ್ನನ್ನೂ ಪರದೆಯನ್ನೂ ಇನ್ನೊಮ್ಮೆ ನೋಡಿದ. ಗೆರೆ ಕಾಣುವ ನನ್ನ ಫೋಟೋ ಒಂದನ್ನು ಅಲ್ಲೇ ತೆಗೆದು, ಅದರ ಕೆಳಗೆ ಏನೋ ಬರೆದು, ಪಾಸ್‌ಪೋರ್ಟಿನ ಮೇಲೆ ಸೀಲು ಒತ್ತಿದ. ಹೋಗಿ ಎಂದು ಬಾಗಿಲು ತೋರಿಸಿದ. ಅಷ್ಟರಲ್ಲಿ ಪರದೆ ಕಪ್ಪಾಗಿತ್ತು.

"ಇನ್ನೊಂದ್ಸಲ ಅವಳಿಗೆ ಫೋನ್ ಮಾಡಿ ಕೊಡ್ತಾರಾ ಕೇಳಿ," ಎಂದೆ ಫೋನಿನವನಿಗೆ. "ಒಂದೇ ಮಾತು."

ಅವನು ಕೇಳಿದ. ಸಾಲಿನಲ್ಲಿ ಬೇರೆಯವರು ಕಾಯುತ್ತಿದ್ದಾರೆ ಎಂದರು ಅಧಿಕಾರಿಗಳು. "ನೀವೇ ಹೋಗ್ತಿದ್ದೀರಲ್ಲ ಅಮ್ಮ, ಹೋಗಿ ಹೇಳಿ. ಒಳ್ಳೇದಾಗ್ಲಿ," ಎಂದು ಅವನೂ ಇಟ್ಟುಬಿಟ್ಟ.

ಪೆಟ್ಟಿಗೆ ಎಳೆದುಕೊಂಡು ಹೊರಗಿನ ಬಾಗಿಲ ಕಡೆ ನಡೆದೆ. ಒಳಗೆ ಬಿಡುವುದಿಲ್ಲವೇನೋ ಎಂದು ಅಷ್ಟು ದೂರದಿಂದ ಹೆದರುತ್ತಾ ಬಂದವಳು ನಾನು. ಈಗ ಬಿಟ್ಟಿದ್ದರು, ಕಾಲು ಮುಂದೆ ಹೋಗುತ್ತಿರಲಿಲ್ಲ. ಅವಳು ನನ್ನನ್ನು ನೋಡಿದ ಕೂಡಲೇ ಅಕ್ಕ ಎಂದಿದ್ದಳು. ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದು ಅವಳಿಗೆ ಗೊತ್ತು.